ಮೆದುಳಿನ ಕೋಶ ಸತ್ತರೆ ಬುದ್ಧಿ ಕಡಿಮೆಯಾಗುತ್ತದೆಯೇ?

ಮೆದುಳಿನ ಒಂದು ನರಕೋಶ ಸತ್ತರೂ ಬುದ್ಧಿ ಅಷ್ಟು ಕಡಿಮೆಯಾಯಿತು ಎಂದೇ ಬಹಳ ಜನ ನಂಬಿದ್ದಾರೆ. ನಿಜ ಬೇರೆಯೇ ಇದೆ. ನಾವು ಹುಟ್ಟುವ ಮೊದಲೇ ನಮ್ಮ ಮೆದುಳಿನಲ್ಲಿ ಕೋಟ್ಯಂತರ ನರಕೋಶಗಳು ಸತ್ತಿರುತ್ತವೆ. ಮೆದುಳು ಸರಿಯಾಗಿ ರೂಪುಗೊಳ್ಳಲು ಈ ಸಾವು ಬೇಕೇಬೇಕು.

ಯಾಕೆ ಸಾಯಬೇಕು?

ಹೊಲದಲ್ಲಿ ಒತ್ತಾಗಿ ಬಿತ್ತಿ, ಮೊಳೆತ ಮೇಲೆ ಹೆಚ್ಚಿನ ಪೈರನ್ನು ಕೀಳುತ್ತೇವಲ್ಲ, ಇದೂ ಹಾಗೆಯೇ. ಗರ್ಭದಲ್ಲಿ ನರಕೋಶಗಳು ಅಗತ್ಯಕ್ಕಿಂತ ಹೆಚ್ಚು ಹುಟ್ಟುತ್ತವೆ. ತಾನು ತಲುಪಬೇಕಾದ ಜಾಗದೊಂದಿಗೆ ಸಂಪರ್ಕ ಸಾಧಿಸಿದ ಕೋಶಕ್ಕೆ ಅಲ್ಲಿಂದ ಪೋಷಕ ಪ್ರೋಟೀನ್ ಸಿಗುತ್ತದೆ, ಅದು ಉಳಿಯುತ್ತದೆ. ಸಿಗದ ಕೋಶ ಸಾಯುತ್ತದೆ. ಕೋಳಿ ಭ್ರೂಣಗಳ ಮೇಲೆ ಪ್ರಯೋಗ ಮಾಡಿ ಇಂಥ ಮೊದಲ ಪ್ರೋಟೀನನ್ನು ಕಂಡುಹಿಡಿದ ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೋಹೆನ್ ಅವರಿಗೆ 1986ರಲ್ಲಿ ನೊಬೆಲ್ ಬಂತು.

ಈ ಸಾವಿಗೆ ಅಪಾಪ್ಟೋಸಿಸ್ ಎಂದು ಹೆಸರು. ಕೋಶದೊಳಗಿನ ಕಿಣ್ವಗಳೇ ಅದನ್ನು ತುಂಡರಿಸುತ್ತವೆ, ಅಕ್ಕಪಕ್ಕದ ಕೋಶಗಳು ಆ ಚೂರುಗಳನ್ನು ನುಂಗುತ್ತವೆ. ಇದರ ಸೂಚನೆ ನಮ್ಮ ಜೀನ್‌ಗಳಲ್ಲೇ ಇದೆ. 1 ಮಿಲಿಮೀಟರ್ ಉದ್ದದ ಸಿ. ಎಲಿಗನ್ಸ್ ಎಂಬ ಹುಳು ಬೆಳೆಯುವಾಗ ಅದರ ದೇಹದ 1,090 ಕೋಶಗಳಲ್ಲಿ 131 ಹೀಗೆ ಸಾಯುತ್ತವೆ. ಅವುಗಳಲ್ಲಿ ಹೆಚ್ಚಿನವು ನರವ್ಯೂಹಕ್ಕೆ ಸೇರಿದವು.

ಕಾಯಿಲೆಯಾಗುವುದು ಯಾವಾಗ?

ಬೆಳೆದ ಮೆದುಳಿನ ನರಕೋಶಗಳು ಜೀವಮಾನವಿಡೀ ಬಾಳಬೇಕಾದವು. ಅವು ಅಕಾಲದಲ್ಲಿ ಸತ್ತರೆ ತೊಂದರೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮಿನ್ ತಯಾರಿಸುವ ಕೋಶಗಳು ಸಾಯುತ್ತವೆ. ಕೈ ನಡುಗಲು ಶುರುವಾಗುವಷ್ಟರಲ್ಲಿ ಅವುಗಳಲ್ಲಿ ಬಹಳಷ್ಟು ಹೋಗಿರುತ್ತವೆ. ಈ ಸಾವನ್ನು ನಿಲ್ಲಿಸುತ್ತದೆಂದು ಸಾಬೀತಾದ ಔಷಧಿ ಇನ್ನೂ ಇಲ್ಲ. ಹಾಗಿರುವಾಗ ‘ನರಕೋಶ ಉಳಿಸುವ’ ಪುಡಿ, ಕಷಾಯಗಳ ಮಾತು ನಂಬಬೇಡಿ.

ಸ್ಟ್ರೋಕ್‌ನಲ್ಲಿ ಸಮಯವೇ ಮುಖ್ಯ

ರಕ್ತನಾಳ ಕಟ್ಟಿಕೊಂಡಾಗ ರಕ್ತ ಪೂರ್ತಿ ನಿಂತ ಜಾಗದ ಕೋಶಗಳು ನಿಮಿಷಗಳಲ್ಲೇ ಸಾಯುತ್ತವೆ. ಸುತ್ತಲಿನ ಕೋಶಗಳು ಕೆಲವು ಗಂಟೆ ಜೀವ ಹಿಡಿದಿರುತ್ತವೆ. ಅವುಗಳಲ್ಲಿ ಹಲವು ಆಮೇಲೆ ಅಪಾಪ್ಟೋಸಿಸ್‌ನಿಂದ ಸಾಯುತ್ತವೆ. ಅಷ್ಟರೊಳಗೆ ರಕ್ತ ಮತ್ತೆ ಹರಿದರೆ ಅವು ಉಳಿಯಬಹುದು. ಹೆಪ್ಪು ಕರಗಿಸುವ ಇಂಜೆಕ್ಷನ್ ಅನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು.

‘ಸ್ಟ್ರೋಕ್ ಆದವರ ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ತೆಗೆಯಿರಿ’ ಎಂಬ ಹಳೆಯ ಫಾರ್ವರ್ಡ್ ಸುಳ್ಳು. ಅದನ್ನು ನಂಬಿ ಕೂತರೆ ಉಳಿಯಬಹುದಾದ ಕೋಶಗಳೂ ಹೋಗುತ್ತವೆ. ಹಂಚಿಕೊಳ್ಳುವುದಾದರೆ ಇದನ್ನು ಹಂಚಿಕೊಳ್ಳಿ: ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಬಲ ಕಳೆದುಕೊಂಡರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಕರೆ ಮಾಡಿ. ಲಕ್ಷಣ ಶುರುವಾದ ಹೊತ್ತನ್ನು ಡಾಕ್ಟರಿಗೆ ತಿಳಿಸಿ.