ಒಂದು ಗೇಣು, ನಾಲ್ಕು ಬೆರಳು

ಉಡುಮಲೈಪೇಟೆಯಿಂದ ಚಿನ್ನಾರ್, ಮರಯೂರು ದಾಟಿ ಮುನ್ನಾರಿಗೆ ಹತ್ತುವ ದಾರಿ ತಿರುವುಗಳದ್ದೇ ದಾರಿ. ಕುಳ್ಳಗಿರುವವರು ಇಂಥಲ್ಲಿ ಕಾರು ಓಡಿಸುವಾಗ ಸೀಟನ್ನು ತುದಿಯವರೆಗೂ ಮುಂದಕ್ಕೆಳೆದು, ರಸ್ತೆಯ ಅಂಚು ಕಾಣಲೆಂದು ಕತ್ತು ಚಾಚಿ, ಸ್ಟಿಯರಿಂಗನ್ನು ಹೆಚ್ಚುಕಡಿಮೆ ತಬ್ಬಿಕೊಂಡೇ ಕೂರುತ್ತಾರೆ. ಹತ್ತಿರ ಕೂತಷ್ಟೂ ಗಾಡಿ ಹಿಡಿತದಲ್ಲಿರುತ್ತದೆ ಎಂಬ ನಂಬಿಕೆ ಬಲವಾಗಿದೆ. ಸ್ಟಿಯರಿಂಗಿನ ನಡುವೆ, ಕಂಪನಿಯ ಲಾಂಛನದ ಹಿಂದೆ ಏರ್‌ಬ್ಯಾಗ್ ಮಡಚಿ ಕೂತಿರುವ ಕಾಲದಲ್ಲಿ ಈ ನಂಬಿಕೆ ಅಪಾಯಕಾರಿ.

ಏರ್‌ಬ್ಯಾಗ್ ಎಂದರೆ ದಿಂಬು ಎಂದುಕೊಂಡಿದ್ದೇವೆ. ಉಬ್ಬಿದ ಮೇಲೆ ಅದು ದಿಂಬೇ ಸರಿ, ಉಬ್ಬುವಾಗ ಮಾತ್ರ ಗುದ್ದು. ಡಿಕ್ಕಿಯ ಸುಳಿವು ಸಿಕ್ಕೊಡನೆ ಒಳಗಿನ ರಾಸಾಯನಿಕ ಉರಿದು ಅನಿಲವಾಗುತ್ತದೆ, ಚೀಲ ಮುಚ್ಚಳ ಹರಿದುಕೊಂಡು ಗಂಟೆಗೆ 300 ಕಿ.ಮೀ. ಆಸುಪಾಸಿನ ವೇಗದಲ್ಲಿ ನುಗ್ಗುತ್ತದೆ. ಇಷ್ಟಕ್ಕೂ ಸೆಕೆಂಡಿನ ಮೂವತ್ತನೇ ಒಂದು ಭಾಗ ಸಾಕು, ರೆಪ್ಪೆ ಬಡಿಯಲೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು. ಚೀಲ ನುಗ್ಗುವ ಮೊದಲ 5ರಿಂದ 8 ಸೆಂ.ಮೀ. ಒಳಗೆ ಎದೆಯಾಗಲಿ ಗದ್ದವಾಗಲಿ ಇದ್ದರೆ ಪೆಟ್ಟು ಅತಿ ಘೋರ. ಅಮೆರಿಕದಲ್ಲಿ 1990ರಿಂದ 2008ರವರೆಗೆ ಕಡಿಮೆ ವೇಗದ ಡಿಕ್ಕಿಗಳಲ್ಲೇ 290ಕ್ಕೂ ಹೆಚ್ಚು ಮಂದಿ ಏರ್‌ಬ್ಯಾಗಿನ ಹೊಡೆತದಿಂದ ಸತ್ತರು. ಮಕ್ಕಳ ಜೊತೆಗೆ ಸ್ಟಿಯರಿಂಗಿಗೆ ಅಂಟಿ ಕೂರುತ್ತಿದ್ದ ಗಿಡ್ಡ ಹೆಂಗಸರೂ ಅವರಲ್ಲಿದ್ದರು, ಬಹುಪಾಲು ಮಂದಿ ಬೆಲ್ಟ್ ಸರಿಯಾಗಿ ಕಟ್ಟಿರಲಿಲ್ಲ. ಹಾಗಾದರೆ ಚೀಲವೇ ಬೇಡ ಎನ್ನುವವರಿಗೆ ಉತ್ತರವೂ ಇದೇ ಲೆಕ್ಕದಲ್ಲಿದೆ: ಆ ಸಾವುಗಳಲ್ಲಿ ನೂರಕ್ಕೆ ಸುಮಾರು 90 ಪಾಲು 1998ಕ್ಕೆ ಮುಂಚಿನ ಕಾರುಗಳವು. ಆಮೇಲೆ ಚೀಲದ ರಭಸ ತಗ್ಗಿಸಲಾಯಿತು. ಚೀಲ ಉಳಿಸಿದ ಜೀವಗಳು ಸಾವಿರಾರು.

ಚೀಲದಿಂದ ದೂರ ಸರಿಯುವ ಹೊಣೆ ಕುಳ್ಳಗಿರುವವರ ಮೇಲೇ ಏಕೆ ಬಿತ್ತು ಎಂಬುದೂ ಕೇಳಬೇಕಾದ ಪ್ರಶ್ನೆ. ಡಿಕ್ಕಿ ಪರೀಕ್ಷೆಯಲ್ಲಿ ಚಾಲಕನ ಜಾಗದಲ್ಲಿ ಕೂರಿಸುವ ಮಾಮೂಲಿ ಬೊಂಬೆ ಸುಮಾರು 175 ಸೆಂ.ಮೀ. ಎತ್ತರದ, 78 ಕಿಲೋ ತೂಕದ ಗಂಡಸು. 2023ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ನಮ್ಮ ಕಾರು ಸುರಕ್ಷತಾ ಪರೀಕ್ಷೆ ಭಾರತ್ ಎನ್‌ಕ್ಯಾಪ್‌ನ ಮುಂದಿನ ಸೀಟಿನಲ್ಲೂ ಅವನೇ. ಅಮೆರಿಕ ತನ್ನ 2000ನೇ ಇಸವಿಯ ಏರ್‌ಬ್ಯಾಗ್ ನಿಯಮದಲ್ಲಿ ಸುಮಾರು 150 ಸೆಂ.ಮೀ.ನ ಹೆಣ್ಣು ಬೊಂಬೆಯನ್ನೂ ಸೇರಿಸಿತು. ಅಲ್ಲಿ ಅವಳು ಅತಿ ಗಿಡ್ಡ ಶೇ. 5 ಹೆಂಗಸರ ಪ್ರತಿನಿಧಿ. ಭಾರತೀಯ ಹೆಂಗಸಿನ ಸರಾಸರಿ ಎತ್ತರವೇ 152 ಸೆಂ.ಮೀ. ಅಲ್ಲಿನ ಅಪರೂಪ ಇಲ್ಲಿನ ಸಾಮಾನ್ಯ!

ಎದೆಗೂಡಿನ ನಡುಮೂಳೆಯಿಂದ ಸ್ಟಿಯರಿಂಗಿನ ನಡುವಿಗೆ 25 ಸೆಂ.ಮೀ. ಇರಬೇಕು. ಟೇಪು ಬೇಡ, ಗಿಡ್ಡ ಮೈಕಟ್ಟಿನವರ ಒಂದು ಗೇಣು, ನಾಲ್ಕು ಬೆರಳು ಸೇರಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಹಿಂದೆ ಸರಿದರೆ ಕ್ಲಚ್ ಸಿಗುವುದಿಲ್ಲವಲ್ಲ ಎಂಬ ಆಕ್ಷೇಪ ನ್ಯಾಯವೇ. ಆದರೆ ಪೆಡಲಿಗೆ ಬೇಕಾದದ್ದು ಸೊಂಟ, ಚೀಲಕ್ಕೆ ಸಿಗಬಾರದ್ದು ಎದೆ. ಎರಡನ್ನೂ ಒಟ್ಟಿಗೇ ಸರಿಸಬೇಕೆಂದೇನಿಲ್ಲ. ಉಡುಮಲೈ, ನೆಗಮಂ ಸೀಮೆಯ ಕನ್ನಡ ಮನೆಮಾತಿನ ದೇವಾಂಗರ ಗುಂಡಿ ಮಗ್ಗ ನೆನಪಿಸಿಕೊಳ್ಳಿ. ನೇಕಾರ ನೆಲದಂಚಿನಲ್ಲಿ ಕೂತು ಗುಂಡಿಯೊಳಗೆ ಕಾಲಿಳಿಬಿಟ್ಟು ಹಲಗೆ ತುಳಿಯುತ್ತಾನೆ. ಕಾಲಿನ ಅಳತೆ ಬೇರೆ, ಕೈಯಳತೆ ಬೇರೆ ಎಂಬ ತಿಳಿವಳಿಕೆ ಅಲ್ಲಿದೆ. ಕಾರಿನಲ್ಲೂ ಹಾಗೆಯೇ: ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮಂಡಿ ತುಸು ಮಡಚಿರುವಷ್ಟು ಹಿಂದಕ್ಕೆ ಸೀಟು ಸರಿಸಿ, ಬೆನ್ನೊರಗನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ. ಎದೆ ಮಾತ್ರ ದೂರವಾಗುತ್ತದೆ. ರಸ್ತೆ ಕಾಣದಿದ್ದರೆ ಸೀಟು ಎತ್ತರಿಸಿ. ಸ್ಟಿಯರಿಂಗ್ ತಗ್ಗಿಸಿದರೆ ಚೀಲ ಮುಖದ ಬದಲು ಎದೆಯ ಕಡೆ ತಿರುಗುತ್ತದೆ. ಬೆನ್ನಿಗೆ ದಿಂಬು ಇಡುವುದಂತೂ ಶುದ್ಧ ತಪ್ಪು, ಅದು ನಿಮ್ಮನ್ನೇ ಚೀಲದತ್ತ ತಳ್ಳುತ್ತದೆ. ಕುಂಡೆಯ ಕೆಳಗಿನ ಮೆತ್ತನೆಯ ದಿಂಬು ಡಿಕ್ಕಿಯಲ್ಲಿ ಅದುಮಿಹೋಗಿ, ಸೊಂಟದ ಮೂಳೆಯ ಮೇಲಿರಬೇಕಾದ ಬೆಲ್ಟು ಹೊಟ್ಟೆಗೆ ಏರುತ್ತದೆ. ಹೊಸ ಕಾರಿನ ಚಕ್ರದಡಿ ನಿಂಬೆಹಣ್ಣಿಡಲು ಮರೆಯದ ನಾವು, ಪಕ್ಕದ ಸೀಟಿನ ಮುಂದಿರುವ ಏರ್‌ಬ್ಯಾಗಿನ ಮುಚ್ಚಳದ ಮೇಲೇ ಗಟ್ಟಿ ವಿಗ್ರಹ ಅಂಟಿಸುವಾಗ ಯೋಚಿಸುವುದಿಲ್ಲ. ಚೀಲ ನುಗ್ಗಿದಾಗ ಅದು ಕವಣೆಗಲ್ಲು.

ಇಷ್ಟೆಲ್ಲ ಮಾಡಿಯೂ ಗೇಣಿನ ಲೆಕ್ಕ ಸಾಲದಿದ್ದರೆ ಕೊರತೆ ಕಾರಿನದು, ನಿಮ್ಮದಲ್ಲ. ಮುಂದಿನ ಸಲ ಕಾರು ಕೊಳ್ಳಹೋದಾಗ ಮೈಲೇಜು ಕೇಳುವ ಮೊದಲು ಸೀಟು ಮೇಲೇರುತ್ತದೆಯೇ, ಸ್ಟಿಯರಿಂಗ್ ಕೆಳಗಿಳಿಯುತ್ತದೆಯೇ, ಹಿಂದೆಮುಂದೆ ಸರಿಯುತ್ತದೆಯೇ ಎಂದು ಕೇಳಿ, ಶೋರೂಮಿನಲ್ಲೇ ಕೂತು ಗೇಣು ಹಾಕಿ ನೋಡಿ.