ಬ್ಯಾಂಕ್ ಹರಾಜಿನಲ್ಲಿ ಮನೆ ಖರೀದಿ: ಬಿಡ್ಡಿಗೆ ಮುನ್ನ ತಿಳಿಯಬೇಕಾದ ಕಾನೂನು

ಸಾಲ ಮರುಪಾವತಿಯಾಗದ ಕಾರಣ ಬ್ಯಾಂಕುಗಳು ವಶಪಡಿಸಿಕೊಂಡ ಮನೆ, ನಿವೇಶನ ಹಾಗೂ ವಾಣಿಜ್ಯ ಮಳಿಗೆಗಳ ಹರಾಜು ಪ್ರಕಟಣೆಗಳು ದಿನಪತ್ರಿಕೆಗಳಲ್ಲಿ ಆಗಾಗ್ಗೆ ಕಾಣಿಸಿಕೊಳ್ಳುತ್ತವೆ. ಮಾರುಕಟ್ಟೆ ದರಕ್ಕಿಂತ ಕಡಿಮೆ ಎಂದು ತೋರುವ ಮೀಸಲು ಬೆಲೆ ಅನೇಕರನ್ನು ಆಕರ್ಷಿಸುತ್ತದೆ. ಆದರೆ ಈ ರಿಯಾಯಿತಿ ಬ್ಯಾಂಕಿನ ಔದಾರ್ಯವಲ್ಲ. ಬ್ಯಾಂಕು ಹೊರಲು ಒಪ್ಪದ ಹೊಣೆಗಳು ಖರೀದಿದಾರನ ಹೆಗಲಿಗೇರುವುದಕ್ಕೆ ದೊರೆಯುವ ಪ್ರತಿಫಲ. ಆ ಹೊಣೆಗಳನ್ನು ಬಿಡ್ ಸಲ್ಲಿಸುವ ಮೊದಲೇ ಅಳೆದು ನೋಡುವುದು ವಿವೇಕ.

ಕಾನೂನಿನ ಹಿನ್ನೆಲೆ

ಅಡಮಾನದ ಆಸ್ತಿಯನ್ನು ಮಾರಲು ಬ್ಯಾಂಕುಗಳು ಹಿಂದೆ ಸಿವಿಲ್ ನ್ಯಾಯಾಲಯವನ್ನು, 1993ರ ಕಾಯಿದೆಯ ನಂತರ ಸಾಲ ವಸೂಲಾತಿ ನ್ಯಾಯಮಂಡಳಿಯನ್ನು ಆಶ್ರಯಿಸಬೇಕಾಗಿತ್ತು. 2002ರ ಸರ್ಫೇಸಿ ಕಾಯಿದೆಯು ನ್ಯಾಯಾಲಯದ ಆದೇಶವಿಲ್ಲದೆಯೇ ಮಾರಾಟ ಮಾಡುವ ಅಧಿಕಾರವನ್ನು ಅವುಗಳಿಗೆ ನೀಡಿತು. ಮಾರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ 2004ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾಯಿದೆಯನ್ನು ಎತ್ತಿಹಿಡಿದು, ನ್ಯಾಯಮಂಡಳಿಗೆ ಹೋಗುವ ಸಾಲಗಾರ ಬಾಕಿಯ ಶೇ. 75ರಷ್ಟನ್ನು ಮೊದಲೇ ಠೇವಣಿ ಇಡಬೇಕೆಂಬ ಷರತ್ತನ್ನು ಮಾತ್ರ ರದ್ದುಪಡಿಸಿತು. ಕೃಷಿ ಭೂಮಿಗೆ ಈ ಕಾಯಿದೆ ಅನ್ವಯಿಸುವುದಿಲ್ಲ.

ಸಾಲವು ಅನುತ್ಪಾದಕ ಆಸ್ತಿಯೆಂದು ವರ್ಗೀಕೃತವಾದ ಮೇಲೆ ಬ್ಯಾಂಕು 13(2)ನೆಯ ಪ್ರಕರಣದನ್ವಯ 60 ದಿನಗಳ ನೋಟಿಸು ನೀಡಬೇಕು. ಸಾಲಗಾರನ ಆಕ್ಷೇಪಣೆಗೆ 15 ದಿನಗಳೊಳಗೆ ಉತ್ತರಿಸಬೇಕು. ನಂತರವೇ ಸ್ವಾಧೀನ. ಸ್ವಾಧೀನದ ಪ್ರಕಟಣೆ ಎರಡು ಪತ್ರಿಕೆಗಳಲ್ಲಿ, ಅವುಗಳಲ್ಲೊಂದು ಪ್ರಾದೇಶಿಕ ಭಾಷೆಯದರಲ್ಲಿ, ಬರಬೇಕು. ಮೊದಲ ಹರಾಜಿಗೆ 30 ದಿನಗಳ ಅವಧಿ ಕಡ್ಡಾಯ. ಈ ಹಂತಗಳಲ್ಲಿ ಯಾವುದೇ ಲೋಪವಾಗಿದ್ದರೆ ಸಾಲಗಾರ 45 ದಿನಗಳೊಳಗೆ ನ್ಯಾಯಮಂಡಳಿಯ ಮೊರೆ ಹೋಗಬಹುದು. ಲೋಪ ಗಂಭೀರವಾಗಿದ್ದಲ್ಲಿ ಮಾರಾಟವೇ ರದ್ದಾಗುವ ಸಂಭವವುಂಟು. ಆದ್ದರಿಂದ ಆಸ್ತಿಯ ಮೇಲೆ ದಾವೆಯಿದೆಯೇ ಎಂಬುದನ್ನು ಖರೀದಿದಾರ ಮೊದಲು ವಿಚಾರಿಸಬೇಕು.

ಸಾಲಗಾರ ಬಾಕಿ ತೀರಿಸಿ ಆಸ್ತಿಯನ್ನು ಬಿಡಿಸಿಕೊಳ್ಳುವ ಹಕ್ಕು 2016ರ ತಿದ್ದುಪಡಿಯ ಪ್ರಕಾರ ಹರಾಜು ಪ್ರಕಟಣೆಯೊಂದಿಗೇ ಕೊನೆಗೊಳ್ಳುತ್ತದೆ. ಬಾಫ್ನಾ ಮೋಟಾರ್ಸ್ ಪ್ರಕರಣದ 2023ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಸ್ಪಷ್ಟಪಡಿಸಿತು. ಯಶಸ್ವಿ ಬಿಡ್‌ದಾರರಿಗೆ ಇದೊಂದು ಮುಖ್ಯ ರಕ್ಷಣೆ.

ಹಣದ ಗಡುವು

ಬಿಡ್ ಯಶಸ್ವಿಯಾದರೆ ಮುಂಗಡ ಠೇವಣಿಯೂ ಸೇರಿ ಶೇ. 25ರಷ್ಟನ್ನು ಅದೇ ದಿನ ಅಥವಾ ಮರುದಿನದ ಕೆಲಸದ ವೇಳೆಯೊಳಗೆ, ಉಳಿದ ಶೇ. 75ರಷ್ಟನ್ನು ಮಾರಾಟ ಸ್ಥಿರೀಕರಣದ 15 ದಿನಗಳೊಳಗೆ ಪಾವತಿಸಬೇಕು. ಬ್ಯಾಂಕು ಲಿಖಿತವಾಗಿ ಒಪ್ಪಿದರೆ ಗಡುವನ್ನು ವಿಸ್ತರಿಸಬಹುದಾದರೂ ಅದು ಮೂರು ತಿಂಗಳು ಮೀರುವಂತಿಲ್ಲ.

ಉದಾಹರಣೆಗೆ, 60 ಲಕ್ಷ ರೂಪಾಯಿಗೆ ಮನೆ ಪಡೆದವರು 15 ಲಕ್ಷವನ್ನು ಮರುದಿನದೊಳಗೆ, 45 ಲಕ್ಷವನ್ನು 15 ದಿನಗಳಲ್ಲಿ ಹೊಂದಿಸಬೇಕು. ಗೃಹಸಾಲ ಮಂಜೂರಾಗುವುದು ತಡವಾಯಿತೆಂದರೆ ಆ 15 ಲಕ್ಷವೂ ಮುಟ್ಟುಗೋಲಾಗಬಹುದು. ಇಂತಹ ಮುಟ್ಟುಗೋಲು ನ್ಯಾಯಸಮ್ಮತವೆಂದು ಷಣ್ಮುಗವೇಲು ಪ್ರಕರಣದಲ್ಲಿ 2024ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಸಾಲದ ಭರವಸೆ ಕೈಯಲ್ಲಿಲ್ಲದೆ ಬಿಡ್ ಕೂಗುವುದು ಅಪಾಯಕರ.

ಕಾಗದವೇ, ಕೀಲಿಕೈಯೇ?

ಪ್ರಕಟಣೆಯಲ್ಲಿ ‘ಸಾಂಕೇತಿಕ ಸ್ವಾಧೀನ’ ಎಂದಿದ್ದರೆ ಮನೆಯಲ್ಲಿ ಇನ್ನೂ ಯಾರೋ ವಾಸವಾಗಿದ್ದಾರೆಂದೇ ಭಾವಿಸಿ ಮುನ್ನಡೆಯುವುದು ಕ್ಷೇಮ. ಅವರನ್ನು ತೆರವುಗೊಳಿಸಲು 14ನೆಯ ಪ್ರಕರಣದಡಿ ಜಿಲ್ಲಾ ದಂಡಾಧಿಕಾರಿ ಅಥವಾ ಮುಖ್ಯ ದಂಡಾಧಿಕಾರಿಯ ನೆರವು ಬೇಕಾಗುತ್ತದೆ. ಅಡಮಾನಕ್ಕೂ ಮುನ್ನವೇ ಕಾನೂನುಬದ್ಧವಾಗಿ ಬಾಡಿಗೆಗೆ ಬಂದವರಿದ್ದರೆ ತೊಡಕು ಹೆಚ್ಚು. ‘ಭೌತಿಕ ಸ್ವಾಧೀನ’ವಿರುವ ಮನೆಗೆ ಸ್ವಲ್ಪ ಹೆಚ್ಚು ಬೆಲೆ ತೆತ್ತರೂ ನಷ್ಟವಿಲ್ಲ.

‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ’ ಎಂಬ ಷರತ್ತಿನ ಅರ್ಥವೂ ಗಹನ. ವಿದ್ಯುತ್ ಬಾಕಿಯನ್ನು, ಸಂಬಂಧಿತ ನಿಯಮಗಳು ಅವಕಾಶ ಕೊಟ್ಟಲ್ಲಿ, ಹರಾಜಿನ ಖರೀದಿದಾರನಿಂದ ವಸೂಲು ಮಾಡಬಹುದೆಂದು 2023ರ ಕೆ.ಸಿ. ನಿನಾನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಆಸ್ತಿ ತೆರಿಗೆ, ನೀರಿನ ಶುಲ್ಕ ಮತ್ತು ವಸತಿ ಸಮುಚ್ಚಯದ ನಿರ್ವಹಣಾ ಬಾಕಿಗಳನ್ನೂ ಲೆಕ್ಕ ಹಾಕಬೇಕು.

ಬಿಡ್‌ಗೆ ಮುನ್ನ

ಉಪನೋಂದಣಾಧಿಕಾರಿ ಕಚೇರಿಯಿಂದ ಋಣಭಾರ ಪ್ರಮಾಣಪತ್ರ ಪಡೆದು, ಮೂಲ ಕ್ರಯಪತ್ರ ಹಾಗೂ ಖಾತೆಯನ್ನು ವಕೀಲರಿಂದ ಪರಿಶೀಲಿಸಬೇಕು. ಬಿ ಖಾತೆಯ ಆಸ್ತಿ ಹರಾಜಿನ ಮೂಲಕ ಬಂದ ಮಾತ್ರಕ್ಕೆ ಎ ಖಾತೆಯದಾಗುವುದಿಲ್ಲ. ಮನೆಯನ್ನು ಖುದ್ದಾಗಿ ನೋಡಿ, ನೆರೆಹೊರೆಯವರನ್ನು ವಿಚಾರಿಸಬೇಕು. ಮುದ್ರಾಂಕ ಶುಲ್ಕ, ನೋಂದಣಿ ಹಾಗೂ ದುರಸ್ತಿಯ ವೆಚ್ಚ ಸೇರಿಸಿದ ಮೇಲೂ ಬೆಲೆ ಅನುಕೂಲಕರವೆನಿಸಿದರೆ ಮಾತ್ರ ಮುಂದುವರಿಯುವುದು ಲೇಸು. ಹರಾಜಿನ ದಿನ ಪೈಪೋಟಿಯ ಭರದಲ್ಲಿ ಈ ಲೆಕ್ಕ ಮರೆತರೆ, ಅಗ್ಗವೆಂದು ಕೊಂಡ ಮನೆಯೇ ದುಬಾರಿಯಾಗಿ ಪರಿಣಮಿಸುತ್ತದೆ.