‘ಡಲ್’ ಎಂಬ ಪದ: ತಪ್ಪು ಕಲ್ಪನೆ ಮತ್ತು ಸತ್ಯ

‘ಡಲ್’ ಇಂಗ್ಲಿಷಿನ ಗುಣವಾಚಕ. ಇಂಗ್ಲಿಷ್ ಓದದವರೂ ಅಳುಕಿಲ್ಲದೆ ಆಡುವಷ್ಟು ಅದು ಕನ್ನಡದ ಮಾತಿನಲ್ಲಿ ಬೆರೆತಿದೆ. ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿ, ಕಪಿಲಾ ದಡದ ಜಾತ್ರೆಯ ದಿನಗಳಲ್ಲಿ, ‘ಈ ಸಲ ವ್ಯಾಪಾರ ಡಲ್ಲು’ ಎನ್ನುವ ಅಂಗಡಿಯವರಿಗೂ ‘ಎತ್ತು ಯಾಕೋ ಡಲ್ಲಾಗಿದೆ’ ಎನ್ನುವ ರೈತರಿಗೂ ‘ಮಗ ಲೆಕ್ಕದಲ್ಲಿ ಡಲ್ಲು’ ಎನ್ನುವ ತಾಯಿಗೂ ಇದೊಂದೇ ಪದ ಸಾಕು. ಮೂರೂ ಕಡೆ ಅರ್ಥ ಬೇರೆ. ಹೀಗೆ ಎಲ್ಲಕ್ಕೂ ಸಲ್ಲುವುದರಿಂದಲೇ ಈ ಪದದ ಬಗ್ಗೆ ಹಲವು ತಪ್ಪು ತಿಳಿವಳಿಕೆಗಳು ಬೆಳೆದಿವೆ.

ಮೊಂಡಾದ ಚಾಕುವನ್ನು ‘ಡಲ್’ ಎನ್ನುತ್ತಿದ್ದರು, ಅದನ್ನೇ ಮುಂದೆ ಬುದ್ಧಿಗೂ ಹಚ್ಚಿದರು ಎಂದು ಹಲವರು ಊಹಿಸುತ್ತಾರೆ. ಊಹೆ ಸಹಜ, ಆದರೆ ತಿರುವುಮುರುವು. ಹಳೆಯ ಇಂಗ್ಲಿಷಿನ ‘ಡೊಲ್’ ಎಂಬ ಪದಕ್ಕೆ ಬುದ್ಧಿಗೇಡಿ ಎಂಬುದೇ ಅರ್ಥವಾಗಿತ್ತು. ಅದೇ ಬೇರಿನ ಜರ್ಮನ್ ಪದ ‘ಟೋಲ್’ ಒಂದು ಕಾಲಕ್ಕೆ ಹುಚ್ಚು ಎಂಬ ಅರ್ಥದಲ್ಲಿತ್ತು. ಇಂದಿನ ಜರ್ಮನ್ ಆಡುಮಾತಿನಲ್ಲಿ ಅದು ‘ಭಲೇ’ ಎಂಬಂಥ ಮೆಚ್ಚುಗೆಯ ಮಾತಾಗಿದೆ! ಇಂಗ್ಲಿಷಿನಲ್ಲಿ ಮಂದಬುದ್ಧಿಯ ಅರ್ಥ ಮೊದಲು ಬಂತು, ಅಲಗಿನ ಮೊಂಡುತನ ಅದರ ಬೆನ್ನಿಗೆ. ಬಣ್ಣಕ್ಕೂ ಬೇಸರಕ್ಕೂ ಅದು ಅಂಟಿಕೊಂಡದ್ದು ಆಮೇಲೆ. ಕನ್ನಡವಾದರೋ ಅಲಗನ್ನು ಈ ಪದಕ್ಕೆ ಬಿಟ್ಟುಕೊಡಲೇ ಇಲ್ಲ. ಕುಡುಗೋಲು ಇಂದಿಗೂ ಮೊಂಡಾಗುತ್ತದೆ, ‘ಡಲ್’ ಆಗುವುದಿಲ್ಲ.

ಸಪ್ಪೆ ಮುಖ ಹೊತ್ತು ಕೂತವರನ್ನು ‘ಯಾಕಪ್ಪ ಡಲ್ಲಾಗಿದ್ದೀಯ?’ ಎಂದು ಕೇಳುವುದು ಕನ್ನಡಿಗರು ಕಟ್ಟಿಕೊಂಡ ತಪ್ಪು ಇಂಗ್ಲಿಷ್ ಎಂಬ ಟೀಕೆಯಿದೆ. ಇದು ಅರೆಸತ್ಯ. ಚಟುವಟಿಕೆ ಕಳೆದುಕೊಂಡ, ಲವಲವಿಕೆಯಿಲ್ಲದ ಎಂಬ ಅರ್ಥ ಇಂಗ್ಲಿಷ್ ನಿಘಂಟುಗಳಲ್ಲಿಯೂ ಇದೆ. ಪಶುವೈದ್ಯರು ಅದನ್ನು ಇಂದಿಗೂ ದಿನನಿತ್ಯ ಬಳಸುತ್ತಾರೆ: ಮೇವು ಬಿಟ್ಟು, ತಲೆ ತಗ್ಗಿಸಿ, ಕರೆದರೂ ಕಿವಿ ನಿಮಿರಿಸದೆ ನಿಂತ ದನದ ರೋಗಲಕ್ಷಣದ ವಿವರದಲ್ಲಿ ‘ಡಲ್’ ಎಂದೇ ಬರೆಯುತ್ತಾರೆ. ಎತ್ತಿನ ವಿಷಯದಲ್ಲಿ ರೈತರ ಮಾತು ಹೀಗೆ ಪಠ್ಯಪುಸ್ತಕಕ್ಕೇ ಸರಿಹೊಂದುತ್ತದೆ.

ತೊಡಕು ಬರುವುದು ಮನುಷ್ಯರ ವಿಷಯದಲ್ಲಿ. ಕನ್ನಡದ ಮಾತಿನಲ್ಲಿ ‘ಮೇಷ್ಟ್ರು ಇವತ್ತು ಡಲ್ಲು’ ಎಂದರೆ ಅವರಿಗೆ ಮೈ ಸರಿಯಿಲ್ಲವೇನೋ ಎಂಬ ಕಾಳಜಿ. ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಹೇಳಿದರೆ ಬ್ರಿಟನ್ನಿನವರ ಕಿವಿಗೆ ಅದು ದೂರಾಗಿ ಕೇಳುತ್ತದೆ: ಮೇಷ್ಟ್ರ ಪಾಠ ನೀರಸ, ಕೇಳಿದರೆ ಆಕಳಿಕೆ ಬರುತ್ತದೆ ಎಂದು. ಕಾಯಿಲೆಗೂ ದುಃಖಕ್ಕೂ ಅಲ್ಲಿ ಬೇರೆ ಪದಗಳಿವೆ. ವ್ಯಕ್ತಿಗೆ ಹಚ್ಚಿದ ‘ಡಲ್’ ಇಂದಿನ ಇಂಗ್ಲಿಷಿನಲ್ಲಿ ಹೆಚ್ಚಾಗಿ ‘ಬೇಸರ ಹುಟ್ಟಿಸುವವ’ ಎಂಬ ಅರ್ಥ ಕೊಡುತ್ತದೆ. ಈ ಅರ್ಥ 16ನೇ ಶತಮಾನದಿಂದಲೂ ಇದೆ. 1755ರಲ್ಲಿ ಪ್ರಕಟವಾದ ತನ್ನ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಇದಕ್ಕೆ ಕೊಟ್ಟ ಉದಾಹರಣೆ ನಿಘಂಟು ರಚನೆಯ ಕೆಲಸವೇ. ತನ್ನ ಕಸುಬನ್ನು ಇಷ್ಟು ತಣ್ಣಗೆ ಹಂಗಿಸಿದ ವಿದ್ವಾಂಸರು ಕಡಿಮೆ.

‘ಡಲ್ ಸ್ಟೂಡೆಂಟ್’ ಎಂಬುದು ಶಿಕ್ಷಣಶಾಸ್ತ್ರದ ಮಾತು, ಆದ್ದರಿಂದ ಅದರಲ್ಲಿ ನೋವಾಗುವಂಥದ್ದೇನಿಲ್ಲ ಎಂಬ ನಂಬಿಕೆ ಇವೆಲ್ಲಕ್ಕಿಂತ ಗಟ್ಟಿ. ಅದಕ್ಕೊಂದು ಚರಿತ್ರೆಯೂ ಇದೆ. ಕಲಿಕೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸಲು ಆಲ್ಫ್ರೆಡ್ ಬಿನೆ 1905ರಲ್ಲಿ ಪ್ಯಾರಿಸ್ಸಿನಲ್ಲಿ ಥಿಯೊಡೋರ್ ಸಿಮೋನ್ ಜೊತೆ ಒಂದು ಪರೀಕ್ಷೆ ರೂಪಿಸಿದ. ಅಮೆರಿಕದ ಲೂಯಿಸ್ ಟರ್ಮನ್ 1916ರಲ್ಲಿ ಅದನ್ನು ಪರಿಷ್ಕರಿಸಿ, ಬುದ್ಧಿಸೂಚ್ಯಂಕ 80ರಿಂದ 90ರ ನಡುವೆ ಇದ್ದವರನ್ನು ‘ಡಲ್’ ಗುಂಪಿಗೆ ಹಾಕಿದ. ಡೇವಿಡ್ ವೆಕ್ಸ್ಲರ್ ಅದೇ ಗುಂಪನ್ನು ‘ಡಲ್ ನಾರ್ಮಲ್’ ಎಂದ. ಪದಕ್ಕೆ ವಿಜ್ಞಾನದ ಮುದ್ರೆ ಬಿದ್ದದ್ದು ಹೀಗೆ. ಆದರೆ ಆ ಮುದ್ರೆ ಉಳಿಯಲಿಲ್ಲ: ವೆಕ್ಸ್ಲರ್ ಪರೀಕ್ಷೆಗಳ ಮುಂದಿನ ಆವೃತ್ತಿಗಳಲ್ಲಿ ‘ಲೋ ಆವರೇಜ್’ ಎಂಬ ಹೆಸರು ಆ ಜಾಗಕ್ಕೆ ಬಂತು. ಮನಶ್ಶಾಸ್ತ್ರ ಕೈಬಿಟ್ಟ ಪದವನ್ನು ಪೋಷಕರ ಸಭೆಗಳು ಇನ್ನೂ ಹಿಡಿದುಕೊಂಡಿವೆ. ಇಂದಿನ ಇಂಗ್ಲಿಷಿನಲ್ಲಿ ಮಗುವನ್ನು ಹಾಗೆ ಕರೆದರೆ ಅದು ಬೈಗುಳವೇ.

ಬಿನೆ ಪರೀಕ್ಷೆಯನ್ನು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದವರು ವಿ. ವಿ. ಕಾಮತ್. ಬಿನೆ-ಕಾಮತ್ ಪರೀಕ್ಷೆ ಎಂದೇ ಅದು ಹೆಸರಾಗಿದೆ. ಹಾಗೆ ಒಗ್ಗಿಸಬೇಕಾಗಿ ಬಂದದ್ದೇಕೆ ಎಂಬುದರಲ್ಲಿ ತಿಳಿಯಬೇಕಾದದ್ದಿದೆ: ತನ್ನದಲ್ಲದ ಭಾಷೆಯಲ್ಲಿ ಪ್ರಶ್ನೆ ಕೇಳಿದರೆ ಚುರುಕಾದ ಮಗುವೂ ತಡವರಿಸುತ್ತದೆ. 1954ರಲ್ಲಿ ಆರಂಭವಾದ ಜೆಎಸ್‌ಎಸ್ ಮಹಾವಿದ್ಯಾಪೀಠ ಸುತ್ತೂರಿನಲ್ಲಿ ನಡೆಸುವ ವಸತಿ ಶಾಲೆಗೆ ಬೇರೆ ರಾಜ್ಯಗಳಿಂದಲೂ ಮಕ್ಕಳು ಬರುತ್ತಾರೆ. ಅಂಥ ಮಗು ಮೊದಲ ಕೆಲವು ತಿಂಗಳು ತರಗತಿಯಲ್ಲಿ ಮೌನವಾಗಿದ್ದರೆ ಕಾರಣ ಬುದ್ಧಿಯಲ್ಲಿರಬೇಕಿಲ್ಲ. ಭಾಷೆಯೋ, ಮನೆಯ ನೆನಪೋ ಇದ್ದೀತು. ಕಣ್ಣು, ಕಿವಿಯ ದೋಷವೂ ಅಕ್ಷರ ಗುರುತಿಸುವ ತೊಡಕೂ ಹೊರಗಿನಿಂದ ಹೀಗೆಯೇ ಕಾಣುತ್ತವೆ. ‘ಡಲ್’ ಎಂದು ಬರೆದು ಮುಗಿಸಿದರೆ ಆ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ.

ಆಸ್ಪತ್ರೆಯಲ್ಲಿ ಕೇಳುವ ‘ಡಲ್ ಪೇನ್’ ಎಂದರೆ ಕಡಿಮೆ ನೋವು ಎಂಬುದು ಅಪಾಯದ ತಪ್ಪು ಕಲ್ಪನೆ. ವೈದ್ಯರು ಅದರಿಂದ ಹೇಳುವುದು ನೋವಿನ ಬಗೆಯನ್ನು, ಪ್ರಮಾಣವನ್ನಲ್ಲ. ಸೂಜಿ ಚುಚ್ಚಿದಂಥ ನೋವನ್ನು ಮಯಲಿನ್ ಹೊದಿಕೆಯುಳ್ಳ ಎ-ಡೆಲ್ಟಾ ನರತಂತುಗಳು ಬೇಗ ಸಾಗಿಸುತ್ತವೆ. ಆ ಹೊದಿಕೆಯಿಲ್ಲದ ಸಿ ತಂತುಗಳು ನಿಧಾನವಾಗಿ ತರುವುದು ಜಾಗ ಇಂಥದ್ದೇ ಎಂದು ಬೆರಳಿಟ್ಟು ತೋರಿಸಲಾಗದ, ಒಳಗೇ ಕೊರೆಯುವ ನೋವನ್ನು. ಅಪೆಂಡಿಸೈಟಿಸ್ ಎಷ್ಟೋ ಸಲ ಹೊಕ್ಕುಳಿನ ಸುತ್ತ ಇಂಥ ನೋವಾಗಿ ಶುರುವಾಗಿ, ಆಮೇಲೆ ಬಲಗಡೆಯ ಕೆಳಹೊಟ್ಟೆಯಲ್ಲಿ ತೀಕ್ಷ್ಣವಾಗುತ್ತದೆ. ಹೃದಯಾಘಾತದಲ್ಲಿಯೂ ಚುಚ್ಚುವುದಕ್ಕಿಂತ ಎದೆ ಒತ್ತಿ ಹಿಡಿದಂತಾಗುವುದೇ ಹೆಚ್ಚು. ‘ಡಲ್ಲಾಗಿ ನೋಯುತ್ತಿದೆ, ಪರವಾಗಿಲ್ಲ’ ಎಂದು ಮನೆಯಲ್ಲೇ ಉಳಿಯುವುದಕ್ಕೆ ಈ ಪದದ ಬೆಂಬಲವಿಲ್ಲ.

ಆಟವಿಲ್ಲದೆ ದುಡಿಮೆಯೊಂದೇ ಆದರೆ ಜ್ಯಾಕ್ ‘ಡಲ್’ ಆಗುತ್ತಾನೆ ಎಂಬ ಇಂಗ್ಲಿಷ್ ಗಾದೆಯನ್ನು ಶಾಲೆಗಳಲ್ಲಿ ‘ದಡ್ಡನಾಗುತ್ತಾನೆ’ ಎಂದು ವಿವರಿಸುವುದುಂಟು. ಜೇಮ್ಸ್ ಹೋವೆಲ್ 1659ರಲ್ಲಿ ಪ್ರಕಟಿಸಿದ ಸಂಗ್ರಹದಲ್ಲಿಯೇ ಸಿಗುವ ಈ ಗಾದೆಯ ಇಂದಿನ ಅರ್ಥ ಬೇರೆ: ಹುಡುಗನ ಗೆಲವು ಹೋಗುತ್ತದೆ, ಒಡನಾಟ ಸಪ್ಪೆಯಾಗುತ್ತದೆ.

‘ಡಲ್’ಗೆ ವಿರುದ್ಧಪದ ‘ಬ್ರೈಟ್’ ಎಂದು ಬಾಯಿಪಾಠ ಮಾಡಿಸುವುದೂ ಸಾಲದು. ಬಣ್ಣಕ್ಕೆ, ಬುದ್ಧಿಗೆ, ಮೋಡ ಕವಿದ ದಿನಕ್ಕೆ ಅದು ಸರಿ. ಅಲಗಿಗೂ ನೋವಿಗೂ ಎದುರಾಗುವುದು ‘ಶಾರ್ಪ್’, ವ್ಯಾಪಾರಕ್ಕೆ ‘ಬ್ರಿಸ್ಕ್’, ಭಾಷಣಕ್ಕೆ ‘ಇಂಟರೆಸ್ಟಿಂಗ್’. ಕನ್ನಡದಲ್ಲಿಯೂ ಹಾಗೆಯೇ ಒಂದೊಂದು ಕಡೆಗೆ ಒಂದೊಂದು ಪದ ಬೇಕಾಗುತ್ತದೆ: ಕತ್ತಿಗೆ ಮೊಂಡು, ಬೆಳಕಿಗೆ ಮಬ್ಬು, ಬಣ್ಣಕ್ಕೆ ಮಾಸಲು, ಮುಖಕ್ಕೆ ಸಪ್ಪೆ ಅಥವಾ ಮಂಕು, ಭಾಷಣಕ್ಕೆ ನೀರಸ, ವ್ಯಾಪಾರಕ್ಕೆ ಮಂದ.